ಪಂಪಿನ ವಾಷರ್, ಮಂಡಲ ಪಂಚಾಯಿತಿ ಮತ್ತು ನಮ್ಮ ಮೇಷ್ಟ್ರು

ಕಳೆದ ಶ್ರಾವಣದಲ್ಲಿ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ತೀರಿಕೊಂಡರು. ಅವರು ಕಲಿಸಿದ ಪಾಣಿಪತ್ತಿನ ಕದನಗಳಾಗಲಿ, ಅಕ್ಷಾಂಶ ರೇಖಾಂಶಗಳಾಗಲಿ ನನ್ನ ನೆನಪಿನಲ್ಲಿ ಉಳಿದಿಲ್ಲ. ಉಳಿದಿರುವುದು ಆಗಿನ ಪಠ್ಯದಲ್ಲಿ ಎಲ್ಲಿಯೂ ಇಲ್ಲದಿದ್ದ ಒಬ್ಬ ಮಂತ್ರಿಯ ವಿಚಾರ. ಅಬ್ದುಲ್ ನಜೀರ್ ಸಾಬ್ ನಮ್ಮ ಗುಂಡ್ಲುಪೇಟೆಯ ಮಣ್ಣಿನವರೇ ಆಗಿದ್ದುದರಿಂದ, ಮೇಷ್ಟ್ರು ಅವರ ಬಗ್ಗೆ ಹೆಮ್ಮೆಯನ್ನೂ ತಕರಾರನ್ನೂ ಒಟ್ಟಿಗೇ ಇಟ್ಟುಕೊಂಡು ಮಾತನಾಡುತ್ತಿದ್ದರು.

1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದು, ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯ ಮಂತ್ರಿಯಾದರು. ಮುಂದೆ ಬರ ಬಿದ್ದ ವರ್ಷಗಳಲ್ಲಿ ಊರೂರಿಗೆ ಬೋರ್‌ವೆಲ್ ಲಾರಿಗಳು ನುಗ್ಗಿದವು, ಕೈಪಂಪುಗಳು ಎದ್ದವು, ಜನ ಅವರನ್ನು 'ನೀರ್ ಸಾಬ್' ಎಂದೇ ಕರೆಯತೊಡಗಿದರು. ನಮ್ಮ ಶಾಲೆಯ ಅಂಗಳಕ್ಕೂ ಒಂದು ಪಂಪು ಬಂತು. ಹಿಡಿಕೆಯನ್ನು ನಾಲ್ಕಾರು ಸಲ ಜಗ್ಗಿದ ಮೇಲೆ ಒಳಗಿನಿಂದ ಒಂದು ಗೊರಗೊರ ಸದ್ದೆದ್ದು, ತುಕ್ಕಿನ ವಾಸನೆಯ ಉಗುರುಬೆಚ್ಚಗಿನ ನೀರು ದಬಕ್ಕನೆ ಸುರಿಯುತ್ತಿತ್ತು. ತಡವಾಗಿ ಬಂದವರಿಗೆ ಮೇಷ್ಟ್ರ ಶಿಕ್ಷೆಯೆಂದರೆ, ಕೆಳಗಿನ ತರಗತಿಯ ಮಕ್ಕಳೆಲ್ಲರೂ ಕುಡಿದು ಮುಗಿಸುವವರೆಗೆ ಆ ಹಿಡಿಕೆ ಜಗ್ಗುವುದು.

ಒಮ್ಮೆ ಪಂಪು ಕೆಟ್ಟು, ಒಂದು ವಾಷರ್ ಬದಲಿಸಲು ತಾಲ್ಲೂಕು ಕೇಂದ್ರದಿಂದ ಜನ ಬರುವುದಕ್ಕೆ ವಾರಗಟ್ಟಲೆ ಹಿಡಿದಾಗ, ನಸ್ಯದ ಕಲೆಯಾದ ಕರವಸ್ತ್ರದಿಂದ ಮೂಗೊರೆಸಿಕೊಳ್ಳುತ್ತ ಅವರು ನಮ್ಮನ್ನೆಲ್ಲ ಆ ಒಣಗಿದ ಕಟ್ಟೆಯ ಸುತ್ತ ನಿಲ್ಲಿಸಿದರು. "ನೀರು ಕೊಟ್ಟದ್ದು ಅರ್ಧ ಕೆಲಸ ಕಣ್ರಯ್ಯಾ. ವಾಷರ್ ಹೋದರೆ ಯಾರನ್ನು ಕೇಳಬೇಕು? ಅದಕ್ಕೇ ಆ ಮನುಷ್ಯ ಕಾನೂನು ತಂದಿರೋದು" ಎಂದರು. 1983ರಲ್ಲಿ ವಿಧಾನಮಂಡಲ ಒಪ್ಪಿದರೂ ರಾಷ್ಟ್ರಪತಿಗಳ ಅಂಕಿತಕ್ಕಾಗಿ 1985ರವರೆಗೆ ಕಾಯಬೇಕಾಗಿ ಬಂದ, ಜಿಲ್ಲೆಗೊಂದು ಚುನಾಯಿತ ಜಿಲ್ಲಾ ಪರಿಷತ್ತು ಮತ್ತು ಕೆಲವು ಹಳ್ಳಿಗಳ ಗುಂಪಿಗೊಂದು ಮಂಡಲ ಪಂಚಾಯಿತಿ ಕೊಟ್ಟ ಕಾಯಿದೆಯನ್ನು ನಾನು ಕಲಿತದ್ದು ಹೀಗೆ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ, ಅವರ ಕೈಕೆಳಗೆ ಹಿರಿಯ ಐಎಎಸ್ ಅಧಿಕಾರಿಯೊಬ್ಬರು ಮುಖ್ಯ ಕಾರ್ಯದರ್ಶಿ, ಹೆಂಗಸರಿಗೆ ಶೇಕಡಾ 25 ಮೀಸಲು. ವಿಧಾನಸೌಧದಲ್ಲಿ ಕುಳಿತ ಮಂತ್ರಿಯೊಬ್ಬರು ತಮ್ಮ ಕೈಯಲ್ಲಿದ್ದ ಅಧಿಕಾರವನ್ನೇ ಹಂಚಲು ಹೊರಟದ್ದು ಅಂದಿಗೂ ಅಪರೂಪ, ಇಂದಿಗೂ ಅಪರೂಪ.

1987ರ ಜನವರಿಯಲ್ಲಿ ನಿಜವಾದ ಚುನಾವಣೆ ನಡೆಯುವ ಮುನ್ನ, ಒಂಬತ್ತನೆಯ ತರಗತಿಯಲ್ಲಿದ್ದ ನಮಗಾಗಿ ಮೇಷ್ಟ್ರು ಒಂದು 'ತರಗತಿ ಮಂಡಲ'ದ ಚುನಾವಣೆ ಏರ್ಪಡಿಸಿದರು. ಮಾತೇ ಆಡದ ಹುಡುಗಿಯೊಬ್ಬಳನ್ನು ಪ್ರಧಾನಳನ್ನಾಗಿ ಮಾಡಿದರೆ ಆಡಳಿತವೆಲ್ಲ ನಮ್ಮದೇ ಎಂಬ ಲೆಕ್ಕದಲ್ಲಿ ಹಿಂದಿನ ಬೆಂಚಿನವರೆಲ್ಲ ಕೂಡಿ, ಕಡಲೆಮಿಠಾಯಿ ಹಂಚಿದ್ದೂ ಸಾಲದೆ, ಬಿಸ್ಕತ್ತಿನ ಡಬ್ಬಿಗೆ ಒಬ್ಬೊಬ್ಬರು ಎರಡೆರಡು ಚೀಟಿ ತುರುಕಿದೆವು. ಈ ತಂತ್ರದ ಸೂತ್ರಧಾರ ನಾನೇ ಎಂಬುದನ್ನು ಗೆಳೆಯರು ಇಂದಿಗೂ ಒಪ್ಪುತ್ತಾರೆ. ಹಾಜರಿ ಪುಸ್ತಕಕ್ಕಿಂತ ಚೀಟಿಗಳೇ ಹೆಚ್ಚಿದ್ದುದನ್ನು ಕಂಡ ಮೇಷ್ಟ್ರು ಬೆತ್ತ ಹಿಡಿಯಲಿಲ್ಲ. "ಚುನಾವಣೆ ರದ್ದು. ಆಡಳಿತಾಧಿಕಾರಿ ನೇಮಕ" ಎಂದು ಬೋರ್ಡಿನ ಮೇಲೆ ಬರೆದು, ಶಾಲೆಯ ಜವಾನರನ್ನು ಕರೆದು ನಮ್ಮ ಮುಂದೆ ಕುರ್ಚಿ ಹಾಕಿ ಕೂರಿಸಿದರು. ಆ ತಿಂಗಳೆಲ್ಲ ನೀರು ಕುಡಿಯಲು ಹೋಗುವುದಕ್ಕೂ ಅವರ ಅಪ್ಪಣೆ ಬೇಕಾಗುತ್ತಿತ್ತು. ಅವರೋ ಬೀಡಿ ಸೇದಲು ಹೋದರೆ ಬೇಗನೆ ಸಿಗುತ್ತಿರಲಿಲ್ಲ. ಮರುಚುನಾವಣೆಯಲ್ಲಿ ಅದೇ ಹುಡುಗಿ ನಮ್ಮ ನೆರವಿಲ್ಲದೆಯೇ ಗೆದ್ದಳು. ಗೆದ್ದವಳು ಮೊದಲು ಮಾಡಿದ ಠರಾವು ಹಿಂದಿನ ಬೆಂಚುಗಳನ್ನು ಮುಂದಕ್ಕೆ ತರುವುದು!

1988ರ ಅಕ್ಟೋಬರಿನಲ್ಲಿ ನಜೀರ್ ಸಾಬ್ ಕ್ಯಾನ್ಸರಿನಿಂದ ತೀರಿಕೊಂಡಾಗ ಮೇಷ್ಟ್ರು ಪಾಠ ಮಾಡಲಿಲ್ಲ. ಹೊಸ ವ್ಯವಸ್ಥೆಗೆ ಆಗಿನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಅವಧಿ ಮುಗಿದ ಮೇಲೆ 1992ರಲ್ಲಿ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ನೇಮಿಸಿದಾಗ, ಮೈಸೂರಿನಲ್ಲಿ ಓದುತ್ತಿದ್ದ ನನಗೆ ಅವರಿಂದ ಒಂದು ಕಾರ್ಡು ಬಂತು: "ಏನಯ್ಯಾ, ನಮ್ಮ ಜವಾನರನ್ನು ಸರ್ಕಾರದವರೂ ನೇಮಿಸಿಕೊಂಡರಂತೆ." ಮರುವರ್ಷ ಪಂಚಾಯಿತಿಗಳಿಗೆ ಸಂವಿಧಾನದಲ್ಲೇ ಸ್ಥಾನ ಕೊಟ್ಟ 73ನೆಯ ತಿದ್ದುಪಡಿ ಜಾರಿಗೆ ಬಂದು, ನಮ್ಮಲ್ಲಿ ಕಂಡ ಎಷ್ಟೋ ಸಂಗತಿಗಳು ದೇಶಕ್ಕೆಲ್ಲ ಕಾನೂನಾದವು. ಆದರೆ 1993ರ ನಮ್ಮ ಹೊಸ ಕಾಯಿದೆಯಲ್ಲಿ ನಜೀರ್ ಸಾಬರು ಬಿಟ್ಟುಕೊಟ್ಟದ್ದರಲ್ಲಿ ಕೆಲವನ್ನು ಸರ್ಕಾರ ಹಿಂದಕ್ಕೆ ಪಡೆದಿದೆ ಎಂಬುದು ಮೇಷ್ಟ್ರ ಕೊನೆಯವರೆಗಿನ ತಕರಾರಾಗಿತ್ತು. ಜಿಲ್ಲಾ ಪಂಚಾಯಿತಿಯ ಕಚೇರಿಯಲ್ಲೇ ಬಹುಕಾಲ ದುಡಿದಿರುವ ನಾನು, ನನ್ನ ಕಡತಗಳಿಗೆ ಆಕ್ಷೇಪಣೆ ಬರುವುದು ಕಡಿಮೆಯೆಂದು ಮೇಲಧಿಕಾರಿಗಳು ಹೇಳುವುದನ್ನು ಕೇಳಿರುವವನು, ಆ ತಕರಾರನ್ನು ಅಲ್ಲಗಳೆಯಲಾರೆ. 2021ರಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದು, ಸದಸ್ಯರಿಲ್ಲದ ಸಭಾಂಗಣಕ್ಕೆ ಬೀಗ ಬಿದ್ದು ವರ್ಷಗಳು ಉರುಳಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಈಗಿನ ಪಠ್ಯದಲ್ಲಿ ಪಂಚಾಯತ್ ರಾಜ್ ಇದೆ; ಎರಡು ಅಂಕದ ಪ್ರಶ್ನೆಯಾಗಿ. ಮಕ್ಕಳು ತಿದ್ದುಪಡಿಯ ಸಂಖ್ಯೆಯನ್ನು ತಪ್ಪಿಲ್ಲದೆ ಹೇಳುತ್ತಾರೆ, ಶಾಲೆಯ ನಲ್ಲಿ ಕೆಟ್ಟರೆ ಯಾರಿಗೆ ಅರ್ಜಿ ಕೊಡಬೇಕೆಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಒಂಬತ್ತನೆಯ ತರಗತಿಗೆ ಅಂಥದೇ ಒಂದು ಚುನಾವಣೆ ನಡೆಸೋಣ, ಮತಪತ್ರ ಮುದ್ರಿಸುವ ಖರ್ಚು ನನ್ನದು, ಈ ಸಲ ಹುಡುಗಿಯರಿಗೆ ಅರ್ಧದಷ್ಟು ಸ್ಥಾನ ಎಂದು ಮುಖ್ಯೋಪಾಧ್ಯಾಯರಲ್ಲಿ ವಿನಂತಿಸಿದ್ದೇನೆ. ಪೂರ್ವಸಿದ್ಧತಾ ಪರೀಕ್ಷೆಗಳೆಲ್ಲ ಮುಗಿಯಲಿ, ನೋಡೋಣ ಎಂದಿದ್ದಾರೆ.