ಒಂದೇ ಕಾಲಿಗೆ ವಯಸ್ಸು

ಜೂನ್ 18, 2024, ಮಂಗಳವಾರ

ಎರಡೂವರೆ ಸೆಂಟಿಮೀಟರ್. ಅಕ್ಕನ ಬಲ ತೊಡೆ ಎಡ ತೊಡೆಗಿಂತ ಅಷ್ಟು ಸಣ್ಣದಾಗಿದೆ. ಫಿಸಿಯೋಥೆರಪಿಯ ಹುಡುಗಿ ಮಂಡಿಚಿಪ್ಪಿನಿಂದ 10 ಸೆಂಟಿಮೀಟರ್ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ, ಟೇಪು ಸುತ್ತಿ, ಎರಡೆರಡು ಸಲ ಅಳೆದು ಬರೆದುಕೊಂಡಳು. ಅಕ್ಕ ಬಟ್ಟೆ ಸರಿಮಾಡಿಕೊಳ್ಳುತ್ತಾ, "ವಯಸ್ಸಾಯಿತಲ್ಲಮ್ಮಾ" ಎಂದಳು.

"ವಯಸ್ಸು ಒಂದೇ ಕಾಲಿಗೆ ಆಗುವುದಿಲ್ಲ ಆಂಟಿ."

ನನಗೆ ನಗು ಬಂತು. ಆಮೇಲೆ ಬರಲಿಲ್ಲ.

ಎರಡು ವರ್ಷದಿಂದ ಆ ಕಾಲಿಗೆ ಕೆಲಸ ತಪ್ಪಿಸಿದವಳು ನಾನೇ. ಏಳಬೇಡ, ತಂದುಕೊಡುತ್ತೇನೆ. ಹತ್ತಬೇಡ, ಬಾಗಬೇಡ. ಎಕ್ಸ್‌ರೇ ನೋಡಿ ಡಾಕ್ಟರು 'ಸವೆತ' ಎಂದ ದಿನದಿಂದ ಮಂಡಿಯೂ ಚಪ್ಪಲಿಯ ಅಟ್ಟೆಯ ಹಾಗೆ, ಕಡಿಮೆ ನಡೆದಷ್ಟೂ ಹೆಚ್ಚು ಬಾಳುತ್ತದೆ ಎಂದುಕೊಂಡುಬಿಟ್ಟಿದ್ದೆ.

ಹಾಗಲ್ಲವಂತೆ. ಮೂಳೆಯ ತುದಿಗೆ ಹೊದಿಸಿದಂತಿರುವ ನುಣುಪು ಪದರ, ಮೃದ್ವಸ್ಥಿ, ಅದಕ್ಕೆ ರಕ್ತನಾಳವೇ ಇಲ್ಲ. ಕೀಲಿನೊಳಗಿನ ದ್ರವವೇ ಅದಕ್ಕೆ ಆಹಾರ. ಭಾರ ಬಿದ್ದಾಗ ಸ್ಪಂಜಿನಂತೆ ಹಿಂಡಿಕೊಳ್ಳುತ್ತದೆ, ಭಾರ ಇಳಿದಾಗ ಹೀರಿಕೊಳ್ಳುತ್ತದೆ. ಕೂತೇ ಇದ್ದರೆ ಅದಕ್ಕೆ ಉಪವಾಸ. ತೊಡೆಯ ಮುಂಭಾಗದ ಸ್ನಾಯು ಸೊರಗಿದರೆ ಅದು ಹೊರುತ್ತಿದ್ದ ಪಾಲೂ ಮಂಡಿಯ ತಲೆಗೇ.

"ವ್ಯಾಯಾಮ ಮಾಡಿದರೆ ನೋವಾಗುತ್ತದಲ್ಲ?" ಎಂದೆ. ಕೇಳಬೇಕಾದವಳು ಅಕ್ಕ, ಕೇಳಿದವಳು ನಾನು.

"ಸ್ವಲ್ಪ ಆಗುತ್ತದೆ. ಒಂದೆರಡು ಗಂಟೆಯಲ್ಲಿ ಮೊದಲಿನ ಹಾಗೆ ಆದರೆ ಚಿಂತೆಯಿಲ್ಲ. ಮರುದಿನವೂ ಜಾಸ್ತಿ ಇದ್ದರೆ, ಊದಿಕೊಂಡರೆ, ಎಣಿಕೆ ಇಳಿಸೋಣ. ನಿಲ್ಲಿಸುವುದು ಬೇಡ."

ಮೊದಲ ಪಾಠ, ಕೈಯೂರದೆ ಕುರ್ಚಿಯಿಂದ ಏಳುವುದು, ಧೊಪ್ಪನೆ ಬೀಳದೆ ಕೂರುವುದು. ನಾಲ್ಕು ಸಲ ಆಯಿತು. ಐದನೆಯದಕ್ಕೆ ತೊಡೆ ನಡುಗಿತು, ಅರ್ಧಕ್ಕೆ ನಿಂತಳು. ನನ್ನ ಕೈ ತಾನಾಗಿ ಮುಂದೆ ಹೋಯಿತು. "ನೀವು ಕೂತುಕೊಳ್ಳಿ" ಎಂದಳು ಹುಡುಗಿ, ನನಗೆ.

ಊರುಗೋಲೂ ಇಷ್ಟು ದಿನ ತಪ್ಪು ಕೈಯಲ್ಲಿತ್ತು. ಬಲ ಮಂಡಿ ನೋಯುತ್ತಿದ್ದರೆ ಎಡಗೈಯಲ್ಲಿ ಹಿಡಿಯಬೇಕು. ಅದನ್ನು ಬಲಗೈಗೆ ಕೊಟ್ಟವರು ಯಾರೆಂದು ಇಲ್ಲಿ ಬರೆಯುವುದಿಲ್ಲ.

ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಮಟ್ಟದ ದೈಹಿಕ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಕ್ಕನದು ಇವತ್ತು ಆರು ನಿಮಿಷ. ಇರಲಿ.

ಹೊರಡುವ ಮುಂಚೆ ಹುಡುಗಿ ಕೇಳಿದಳು: "ಆಂಟಿ, ನಿಮಗೆ ಏನು ಮಾಡಲು ಬರಬೇಕು?" ನೋವು ಹೋಗಬೇಕು ಎನ್ನುತ್ತಾಳೆ ಎಂದುಕೊಂಡೆ.

"ರಾತ್ರಿ ಬಾತ್‌ರೂಮಿಗೆ ಹೋಗಲು ಇವಳನ್ನು ಎಬ್ಬಿಸಬಾರದು."

ಸಂಜೆ ಆರರ ನಂತರ ನೀರು ಕುಡಿಯುವುದನ್ನೇ ಬಿಟ್ಟಿದ್ದಾಳಂತೆ. ಎಷ್ಟು ತಿಂಗಳಿಂದ ಎಂದು ಕೇಳಿದರೆ, "ಬಿಡು, ಬಾಯಾರಿಕೆ ಏನೂ ಆಗುವುದಿಲ್ಲ" ಎಂದಳು. ದಾರಿಯುದ್ದಕ್ಕೂ ನನಗೆ ಮಾತು ಹೊರಡಲಿಲ್ಲ. ಕೋಪವೂ ಬಂತು, ಅವಳ ಮೇಲೋ ನನ್ನ ಮೇಲೋ.

ಈಗ ಹತ್ತೂವರೆ. ಪಕ್ಕದ ಕೋಣೆಯಲ್ಲಿ ಕುರ್ಚಿ ಕಿರುಗುಟ್ಟುತ್ತಿದೆ. ಒಂದು. ಎರಡು. ಇಷ್ಟು ಹೊತ್ತಿನಲ್ಲಿ ಮಾಡೆಂದು ಇವಳಿಗೆ ಯಾರು ಹೇಳಿದರು? ಮೂರು. ನಾಲ್ಕು. ಐದನೆಯದು ಇನ್ನೂ ಕೇಳಿಸಿಲ್ಲ. ಎದ್ದು ಹೋಗಬಾರದು ಎಂದೇ ಇದನ್ನು ಬರೆಯುತ್ತಾ ಕೂತಿದ್ದೇನೆ, ಆದರೆ