ಊಟಾನೂ ಅವರೇ ತರಬೇಕಾ? ಹೌದು, ತಟ್ಟೇನೂ

ಕಳೆದ ತಿಂಗಳು ಇಲ್ಲಿನ ಕನ್ನಡದವರ ಒಂದು ಕಾರ್ಯಕ್ರಮದಲ್ಲಿ ಪರಿಚಯದ ಆಂಟಿಯೊಬ್ಬರು ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರು. ಯಾರಿಗೋ ಹುಷಾರಿಲ್ಲ ಅಂದುಕೊಂಡೆ. ಆಂಟಿ ದನಿ ತಗ್ಗಿಸಿ ಕೇಳಿದರು: “ಅಲ್ಲಮ್ಮಾ, ನೀನು ಊಟಕ್ಕೆ ಕರೀತೀಯಂತೆ, ಬರೋರೇ ಊಟ ತರಬೇಕಂತೆ. ನಿಜವಾ?”

ನಿಜ. ತಟ್ಟೆ ಲೋಟಾನೂ ಅವರೇ ತರಬೇಕು. ಅದನ್ನು ಯಾರೂ ಆಂಟಿಗೆ ಹೇಳಿರಲಿಲ್ಲ. ನಾನೇ ಹೇಳಿದೆ. ಅವರು ನನ್ನ ಕೈ ಬಿಟ್ಟರು.

ಮೂರು ವರ್ಷದಿಂದ ಇದೇ ಪ್ರಶ್ನೆ. ಕೆಲವರು “ಪಾಪ” ಸೇರಿಸಿ ಕೇಳುತ್ತಾರೆ. ಕೆಲವರು “ಒಳ್ಳೇ ಐಡಿಯಾ, ನಿನಗೆ ಖರ್ಚೇ ಇಲ್ಲ” ಅಂತ ನಗುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮದು ಒಂದು ಬೆಡ್‌ರೂಮಿನ ಬಾಡಿಗೆ ಮನೆ, ನಾನು ಮತ್ತು ತಂಗಿ. ದಾದರಿನ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ತಿಂಗಳ ಕೊನೆಯ ಶನಿವಾರ ರಾತ್ರಿ ಎಂಟು ಜನ ಸೇರುತ್ತೇವೆ. ಕೊನೆಯ ಶನಿವಾರವೇ ಯಾಕೆ ಅಂದರೆ, ಅವತ್ತು ಯಾರ ಹತ್ತಿರಾನೂ ದುಡ್ಡಿರಲ್ಲ. ಬೇರೆಲ್ಲೂ ಹೋಗೋಕೆ ಆಗಲ್ಲ. ಹಾಗಾಗಿ ತಪ್ಪದೆ ಬರುತ್ತಾರೆ.

ಖರ್ಚೇ ಇಲ್ಲ ಅನ್ನುವವರಿಗೆ ಲೆಕ್ಕ ಕೊಡುತ್ತೇನೆ. ಅನ್ನ, ಸಾರು, ಮೊಸರು ನನ್ನ ಪಾಲು. ಅಕ್ಕಿ ಒಂದು ಕಿಲೋ, ತೊಗರಿಬೇಳೆ, ಟೊಮೆಟೊ, ಒಂದು ತೆಂಗಿನಕಾಯಿ, ಮೊಸರು ಎಲ್ಲ ಸೇರಿ ಹೆಚ್ಚುಕಡಿಮೆ 300 ರೂಪಾಯಿ. ಇದೇ ಎಂಟು ಜನ ಹೋಟೆಲಿಗೆ ಹೋಗಿ ತಲೆಗೆ 400 ಅಂತ ಹಿಡಿದರೂ 3,200. ಅಷ್ಟು ಕೊಟ್ಟರೂ ಹತ್ತು ಗಂಟೆಗೆ ಎಬ್ಬಿಸುತ್ತಾರೆ. ನಮ್ಮಲ್ಲಿ ಕೊನೆಯ ಲೋಕಲ್ ರೈಲು ತಪ್ಪಿದರೆ ಚಾಪೆ ಹಾಸಿಕೊಡುತ್ತೇವೆ.

ಅನ್ನ ಸಾರು ನಾನೇ ಮಾಡುವುದಕ್ಕೂ ಕಾರಣ ಇದೆ. ನೀರುನೀರಾದದ್ದು ಯಾವುದೂ ರೈಲು ಹತ್ತಬಾರದು. ಈ ಪಾಠ ನಮಗೆ ಅಂಕೋಲೆಯಿಂದ ಬಂತು. ಅಂಕೋಲೆ ಅಂದರೆ ನನ್ನ ಗೆಳತಿ. ನಮ್ಮ ಗುಂಪಿನಲ್ಲಿ ಎಲ್ಲರಿಗೂ ಊರಿನ ಹೆಸರೇ. ಶುರುವಿನಲ್ಲಿ ಒಮ್ಮೆ ಅವಳು ಮುರುಗಲ (ಕೋಕಂ) ಸಾರು ಮಾಡಿಕೊಂಡು ಸಂಜೆ ಏಳರ ರಶ್ಶಿನಲ್ಲಿ ದಾದರಿನಲ್ಲಿ ಹತ್ತಿದಳು. ಥಾಣೆ ದಾಟುವಷ್ಟರಲ್ಲಿ ಲೇಡೀಸ್ ಡಬ್ಬಿಯಲ್ಲಿ ಅವಳ ಡಬ್ಬಿ ಬಾಯಿ ಬಿಟ್ಟಿತು. ಮುರುಗಲದ ಕೆಂಪು ಬಣ್ಣ ಗೊತ್ತಲ್ಲ. ಪಕ್ಕದವಳ ದುಪಟ್ಟ ಬಿಳಿ. ಅವತ್ತು ಅಂಕೋಲೆ ನಮ್ಮ ಮನೆಗೆ ತಂದದ್ದು ಖಾಲಿ ಡಬ್ಬಿ ಮತ್ತು ಮರಾಠಿಯ ನಾಲ್ಕು ಹೊಸ ಬೈಗುಳ.

ಅವತ್ತಿನಿಂದ ಒಣಗಿದ್ದು ಮಾತ್ರ ಹೊರಗಿಂದ. ಪಲ್ಯ, ಚಪಾತಿ, ಚಟ್ನಿಪುಡಿ. ವಿಜಯಪುರದವಳಿಗೆ ಊರಿನಿಂದ ಅಮ್ಮ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಳಿಸುತ್ತಾರೆ. ಅದು ಎಷ್ಟು ದಿನ ಇಟ್ಟರೂ ಕೆಡಲ್ಲ, ಯಾವ ರಶ್ಶಿಗೂ ಹೆದರಲ್ಲ. ಮುರಿದರೂ ರೊಟ್ಟಿಯೇ. ತುಮಕೂರಿನವಳು ಕೋಸಂಬರಿ ತರುತ್ತಾಳೆ, ಆದರೆ ಉಪ್ಪು ಹಾಕಿರುವುದಿಲ್ಲ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಹೆಸರುಬೇಳೆ ಈಜುತ್ತದೆ. ಉಪ್ಪು, ಲಿಂಬೆ, ಒಗ್ಗರಣೆ ನಮ್ಮ ಮನೆಯಲ್ಲೇ. ಕರಿಯುವುದು ಏನೂ ಇಲ್ಲ. ಇರುವುದು ಎರಡು ಒಲೆ. ಒಬ್ಬರು ಬೋಂಡಾ ಬಾಣಲೆ ಇಟ್ಟರೆ ಉಳಿದವರು ಪಲ್ಯ ಬಿಸಿ ಮಾಡೋಕೆ ಕ್ಯೂ ನಿಲ್ಲಬೇಕು.

ತಟ್ಟೆ ಯಾಕೆ ತರಿಸುತ್ತೀಯ ಅಂದರೆ, ನಮ್ಮ ಬಿಲ್ಡಿಂಗಿನಲ್ಲಿ ನೀರು ಬರುವುದು ಬೆಳಿಗ್ಗೆ ಒಂದೇ ಗಂಟೆ. ರಾತ್ರಿ ಹನ್ನೊಂದಕ್ಕೆ ಎಂಟು ತಟ್ಟೆ, ಎಂಟು ಲೋಟ ತೊಳೆಯುವವರು ಯಾರು? ಆಂಟಿ ಬರುತ್ತಾರಾ?

“ನಮ್ಮಲ್ಲಿ ಹಾಗೆಲ್ಲ ಇಲ್ಲಮ್ಮ” ಅಂತ ಬೇರೆ ಅಂದರು. ಎಲ್ಲಿ ಇಲ್ಲ? ನಮ್ಮ ಅಜ್ಜಿಯ ಓಣಿಯಲ್ಲಿ ಬೆಳದಿಂಗಳ ಊಟ ಅಂದರೆ ಪ್ರತಿ ಮನೆಯಿಂದ ಒಂದೊಂದು ಪಾತ್ರೆ ಮಾಳಿಗೆ ಹತ್ತುತ್ತಿತ್ತು. ಯಾರೂ ಯಾರನ್ನೂ ಜಿಪುಣರು ಅನ್ನಲಿಲ್ಲ. ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದವರು ಪಕ್ಕದ ಹೊಲದವರ ಬುತ್ತಿಗೂ ಕೈ ಹಾಕುತ್ತಿದ್ದರು. ನಮ್ಮ ಎದುರು ಮನೆ ಮರಾಠಿ ಕಾಕು ಮೊದಲ ಸಲ ಬಾಗಿಲಲ್ಲಿ ಚಪ್ಪಲಿ ರಾಶಿ ನೋಡಿ ಕೇಳಿದ್ದು ಒಂದೇ ಮಾತು: “ಅಂಗತ್‌ಪಂಗತ್ ಕಾ?” ಅವರವರ ಡಬ್ಬಿ ತಂದು, ಸಾಲಾಗಿ ಕೂತು, ಹಂಚಿಕೊಂಡು ತಿನ್ನುವುದಕ್ಕೆ ಇಲ್ಲಿ ಆ ಹೆಸರಿದೆ. ಹೌದು ಅಂದೆ. ಒಂದು ಬಟ್ಟಲು ಥೇಚಾ, ಅಂದರೆ ಮೆಣಸಿನಕಾಯಿ ಚಟ್ನಿ, ಕೊಟ್ಟು ಬಾಗಿಲು ಹಾಕಿಕೊಂಡರು. ವಿಷಯ ಮುಗಿಯಿತು. ಅಲ್ಲ, ಇದು ಮುಂಬಯಿ. ಡಬ್ಬಾವಾಲಾಗಳು 1890ರಿಂದ ಮನೆ ಊಟವನ್ನು ಊರೆಲ್ಲ ಸಾಗಿಸುತ್ತಿದ್ದಾರೆ. ಡಬ್ಬಿ ಗಂಡನ ಆಫೀಸಿಗೆ ಹೋದರೆ ಸರಿ, ಗೆಳತಿ ಮನೆಗೆ ಹೋದರೆ ನಾಚಿಕೆಯಾ?

ಆದರೆ ಇಷ್ಟು ಜೋರು ಮಾಡುವ ನಾನೇ ಒಂದು ಕಡೆ ತಪ್ಪಿದ್ದೇನೆ. ಅದನ್ನು ಯಾರೂ ಕೇಳಿಲ್ಲ. ‘ತರೋಕೆ ಆಗದವರು ಏನು ಮಾಡ್ತಾರೆ?’ ಅಂತ ಮೂರು ವರ್ಷದಲ್ಲಿ ಒಬ್ಬರಾದರೂ ಕೇಳಬಹುದಿತ್ತು.

ಬೆಳಗಾವಿ ಅಂತ ಒಬ್ಬ ಗೆಳೆಯ ಇದ್ದಾನೆ. ಪ್ರತಿ ತಿಂಗಳು ಯಾರು ಏನು ತರಬೇಕು ಅನ್ನುವ ಪಟ್ಟಿಯನ್ನು ವಾಟ್ಸಾಪಿನಲ್ಲಿ ಹಾಕುವವಳು ನಾನು. ಅವನ ಹೆಸರಿನ ಮುಂದೆ ಯಾವಾಗಲೂ ‘ಸಿಹಿ’. ಬೆಳಗಾವಿ ಅಂದರೆ ಕುಂದಾ, ಅಲ್ವಾ? ಅದೊಂದು ತಮಾಷೆ. ಎಲ್ಲರೂ ನಗುವ ಇಮೋಜಿ ಹಾಕುತ್ತಿದ್ದರು. ಅವನೂ ಹಾಕುತ್ತಿದ್ದ. ಒಂಟಿ ಹುಡುಗ, ಕಾಟ್‌ಬೇಸಿಸ್‌ನಲ್ಲಿ, ಅಂದರೆ ಒಂದು ಮಂಚ ಮಾತ್ರ ಬಾಡಿಗೆಗೆ ಹಿಡಿದು ಇರುವವನು, ಅಡುಗೆಮನೆಯೇ ಇಲ್ಲ. ಅಂಗಡಿಯಿಂದಲೇ ತರಬೇಕು.

ಆಮೇಲೆ ಮೂರು ತಿಂಗಳು ಅವನು ಬರಲಿಲ್ಲ. “ಈ ಸಲ ಆಗೂದಿಲ್ಲ, ಓವರ್‌ಟೈಮ್ ಐತಿ” ಅಂತ ಮೆಸೇಜ್. ಒಂದಿನ ದಾದರ್ ಸ್ಟೇಷನ್ನಿನ ಬ್ರಿಜ್ ಮೇಲೆ ಎದುರಿಗೇ ಸಿಕ್ಕ. ಸಂಜೆ ನಾಲ್ಕು ಗಂಟೆ. ಓವರ್‌ಟೈಮ್ ಇರುವವನು ಆ ಹೊತ್ತಿಗೆ ಬ್ರಿಜ್ ಮೇಲೆ ಯಾಕೆ ನಿಂತಿರುತ್ತಾನೆ? ಕೆಲಸ ಹೋಗಿತ್ತು. ಹೇಳಬಾರದಿತ್ತಾ ಅಂತ ರೇಗಿದೆ. ಅವನು ಬೇರೆ ಕಡೆ ನೋಡುತ್ತಾ ಅಂದ, “ಬರಿಗೈಲೆ ಹೆಂಗ ಬರ್ಲಿ? ಪಟ್ಟಿ ಒಳಗ ನನ್ನ ಹೆಸರ ಮುಂದ ಸಿಹಿ ಅಂತ ಬರದಿರ್ತಿ.”

ಲೋಕಲ್‌ನಲ್ಲಿ ನಿಂತು ಲೆಕ್ಕ ಹಾಕಿದೆ. ಎಂಟು ಜನಕ್ಕೆ ಅರ್ಧ ಕಿಲೋ ಸಿಹಿ ಅಂದರೆ ನನ್ನ ಅನ್ನ ಸಾರು ಮೊಸರಿನಷ್ಟೇ ದುಡ್ಡು. ತುಮಕೂರಿನ ಕೋಸಂಬರಿಗೆ 80 ರೂಪಾಯಿ. ವಿಜಯಪುರದ ರೊಟ್ಟಿಗೆ ಅವಳ ಜೇಬಿನಿಂದ ಒಂದು ಪೈಸೆ ಇಲ್ಲ. ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳದವನಿಗೆ, ತರುವವರಲ್ಲೇ ದುಬಾರಿ ಪಾಲು. ಲೆಕ್ಕ ಬರೆದೇ ಹೊಟ್ಟೆ ಹೊರೆಯುವವಳು ನಾನು.

ಅಲ್ಲಿಗೆ ಪಟ್ಟಿ ನಿಂತಿತು. ಈಗ ಚೀಟಿ ಎತ್ತುತ್ತೇವೆ. ಸಿಹಿ ಬಂದರೆ ಬೆಲ್ಲ ಶೇಂಗಾ ತಂದರೂ ಸಾಕು. ಎರಡು ಚೀಟಿಗೆ ಹೆಚ್ಚುಕಡಿಮೆ ಖರ್ಚೇ ಇಲ್ಲ: ಒಂದರಲ್ಲಿ ‘ಲಿಂಬೆಹಣ್ಣು’, ಇನ್ನೊಂದರಲ್ಲಿ ‘ಕುಕ್ಕರ್ ತೊಳೆಯುವುದು’. ಮೊದಲ ಸಲ ಲಿಂಬೆ ಬೆಳಗಾವಿಗೇ ಬಂತು. ಬರುವ ಹಾಗೆ ನಾನೇ ಮಾಡಿದ್ದೆ, ಈಗ ಒಪ್ಪಿಕೊಳ್ಳುತ್ತೇನೆ. ಮೂರು ಲಿಂಬೆ ತಂದ. ಕೋಸಂಬರಿಗೆ ಹಿಂಡಿದ. ಬೀಜ ಬಿದ್ದವು ಅಂತ ತುಮಕೂರಿನವಳ ಕೈಲಿ ಬೈಸಿಕೊಂಡ. ಮೂರು ಸಲ ಅನ್ನ ಹಾಕಿಸಿಕೊಂಡ.

ಈಗ ಅವನಿಗೆ ಪುಣೆಯಲ್ಲಿ ಕೆಲಸ. ರಜೆ ಸಿಕ್ಕಾಗ ಬರುತ್ತಾನೆ. ಲಿಂಬೆ ಚೀಟಿಗೆ ಮಾತ್ರ ಜಗಳ ಶುರುವಾಗಿದೆ. ಅಂಕೋಲೆಗೆ ಮೂರು ತಿಂಗಳಿಂದ ಅದೇ ಬರುತ್ತಿದೆ. ಹೇಗೆ ಬರುತ್ತದೆ ಅಂತ ತನಿಖೆ ನಡೆದಿದೆ.

ಇನ್ನೊಂದು ವಿಷಯ. ನಮ್ಮ ಅಟ್ಟದ ಮೇಲೆ ಬಿಟ್ಟುಹೋದ ಡಬ್ಬಿಗಳು ಹನ್ನೊಂದಾಗಿವೆ. ನೀಲಿ ಮುಚ್ಚಳದ್ದು ಎರಡು, ಸ್ಟೀಲಿಂದು ಆರು, ಐಸ್‌ಕ್ರೀಮಿನ ಹಳೇ ಡಬ್ಬ ಮೂರು. ಸ್ಟೀಲಿನ ಒಂದರ ಮೇಲೆ ಯಾರದೋ ಮದುವೆ ತಾರೀಖು ಕೊರೆದಿದೆ. ಶನಿವಾರ ಬಂದಾಗ ತಗೊಂಡು ಹೋಗಿ. ಐಸ್‌ಕ್ರೀಮ್ ಡಬ್ಬಗಳನ್ನು ಕೇಳಬೇಡಿ, ಅದರಲ್ಲಿ ನಾನು ಬೇಳೆ ತುಂಬಿಟ್ಟಿದ್ದೇನೆ.