ಎತ್ತಿನ ಗಾಡಿಯ ಬಿಷಪ್

ವಿ.ಎಸ್. ಅಜರಯ್ಯ ಅವರ ಬಗ್ಗೆ ಸುಮ್ನೆ ಓದುತ್ತಾ ಕೂತಿದ್ದೆ. 1912ರಲ್ಲಿ ಆಂಗ್ಲಿಕನ್ ಸಭೆಯ, ಅಂದರೆ ಇಂಗ್ಲೆಂಡ್ ಮೂಲದ ಕ್ರೈಸ್ತ ಪಂಥದ, ಮೊದಲ ಭಾರತೀಯ ಬಿಷಪ್ ಆದವರು. ಹುಟ್ಟಿದ್ದು ತಿರುನೆಲ್ವೇಲಿ ಸೀಮೆಯ ಹಳ್ಳಿಯಲ್ಲಿ, ದುಡಿದಿದ್ದು ನಿಜಾಮರ ರಾಜ್ಯದ ಡೋರ್ನಕಲ್‌ನಲ್ಲಿ. ಅದಕ್ಕಾಗಿ ತೆಲುಗು ಕಲಿತರು. ಅಲ್ಲಿ ಅವರು ಕಟ್ಟಿಸಿದ ಚರ್ಚಿನಲ್ಲಿ ದೇವಸ್ಥಾನದಂಥ ಕಂಬಗಳಿವೆ, ಮಸೀದಿಯಂಥ ಗುಮ್ಮಟಗಳೂ ಇವೆ!

ನನಗೆ ಜಾಸ್ತಿ ಹಿಡಿಸಿದ್ದು ಅವರ ಹೆಂಡತಿ ಅನ್ಬು. 1898ರಲ್ಲಿ ಮದುವೆ. ಅದಕ್ಕೂ ಮೊದಲೇ ಕಾಲೇಜು ಮೆಟ್ಟಿಲು ಹತ್ತಿದ ಹೆಣ್ಣುಮಗಳು. ಗಂಡನ ಜೊತೆ ಎತ್ತಿನ ಗಾಡಿಯಲ್ಲಿ ಹಳ್ಳಿ ಹಳ್ಳಿ ಸುತ್ತಿದರು. ಮನೆ, ಮಕ್ಕಳು, ಬಂದುಹೋಗುವವರು ಬೇರೆ. ‘ಮೊದಲ ಭಾರತೀಯ ಬಿಷಪ್’ ಅಂತ ಗಂಡನ ಹೆಸರು ಉಳಿಯಿತು. ಈಕೆಗೆ ಒಂದು ಸಾಲು ಸಿಕ್ಕರೆ ಹೆಚ್ಚು. ಗಾಡಿಯ ಕುಲುಕಾಟ ಮಾತ್ರ ಇಬ್ಬರಿಗೂ ಒಂದೇ ಇತ್ತಲ್ವಾ?